ಬಾಯಲ್ಲಿ ನೀರು ಬರಬಾರದು

ಮುನಿಯಲ್ಲಪ್ಪ ಮೇಷ್ಟರ ಪಾಲಿಗೆ ಆ ದಿನ ನಡೆದ ರಾದ್ಧಾಂತಕ್ಕೆಲ್ಲ ಮೂಲ ಒಂದೇ: ಮಕ್ಕಳ ಬಾಯಲ್ಲಿ ಉಗುಳು ಊರುತ್ತದೆ.

ಎಲ್ಲರ ಬಾಯಲ್ಲೂ ಹುಟ್ಟಿದಾಗಿನಿಂದ ಊರುವ ಉಗುಳನ್ನು ಯಾರೂ ಅಪರಾಧವೆಂದು ಎಣಿಸಿದ್ದಿಲ್ಲ. ಆದರೆ ಸಾವಿರದ ಒಂಬೈನೂರ ಎಂಬತ್ತಾರರ ಮಾರ್ಚ್ ತಿಂಗಳ ಒಂದು ಬುಧವಾರ, ಚಿಂತಮಾನುಪಲ್ಲಿಯ ಸರ್ಕಾರಿ ಶಾಲೆಯ ಒಂದನೇ ತರಗತಿಯ ಕೋಣೆಯಲ್ಲಿ ಅದು ಅಪರಾಧವಾಯಿತು. ಅದನ್ನು ತಡೆಯುವ ಹೊಣೆ ಮೇಷ್ಟರ ತಲೆಗೆ ಬಂತು.

ಶ್ರೀನಿವಾಸಪುರದಿಂದ ಮುಳಬಾಗಿಲ ಕಡೆ ಹೋಗುವ ಬಸ್ಸಿನಲ್ಲಿ ಹೊರಟು, ನಡುವೆ ಇಳಿದು ಎರಡು ಮೈಲಿ ನಡೆದರೆ ಸಿಗುವ ಊರು ಚಿಂತಮಾನುಪಲ್ಲಿ. ತೆಲುಗಿನಲ್ಲಿ ಚಿಂತಮಾನು ಅಂದರೆ ಹುಣಸೆಮರ. ಹುಣಸೆಮರವೇನೋ ಇದ್ದದ್ದು ಒಂದೇ. ಮಿಕ್ಕಂತೆ ನಾಲ್ಕು ದಿಕ್ಕಿಗೂ ಮಾವಿನ ತೋಪು. ಮೇಷ್ಟರಿಗೆ ಮಾತ್ರ ಆ ಹೆಸರಿನಲ್ಲಿ ಕೇಳಿಸುತ್ತಿದ್ದುದು ಕನ್ನಡದ ಚಿಂತೆಯೇ. ಅವರ ಸಂಸಾರ ಕೋಲಾರದ ಆಚೆ ಹುತ್ತೂರಿನಲ್ಲಿತ್ತು. ಬೆಳಗ್ಗೆ ಕೋಳಿಗಿಂತ ಮುಂಚೆ ಎದ್ದು ಕೋಲಾರಕ್ಕೊಂದು ಬಸ್ಸು, ಅಲ್ಲಿಂದ ಶ್ರೀನಿವಾಸಪುರಕ್ಕೊಂದು, ಅಲ್ಲಿಂದ ಮತ್ತೊಂದು, ಆಮೇಲೆ ಕಾಲ್ನಡಿಗೆ. ಸಂಜೆ ಇದೇ ಮೆರವಣಿಗೆ ಹಿಂದುಮುಂದಾಗಿ. ಹೀಗೆ ಆರು ವರ್ಷ. ಅವರ ಮಗಳು ಅಪ್ಪನನ್ನು ಬೆಳಕಿನಲ್ಲಿ ನೋಡುತ್ತಿದ್ದುದು ಭಾನುವಾರ ಮಾತ್ರ. ಹುತ್ತೂರಿಗೆ ವರ್ಗ ಕೇಳಿ ಅವರು ಹಾಕಿದ ಅರ್ಜಿಗಳನ್ನೆಲ್ಲ ಒಟ್ಟಿಗೆ ಕಟ್ಟಿದ್ದರೆ ಒಂದು ಹುಲ್ಲಿನ ಹೊರೆಯಷ್ಟಾಗುತ್ತಿತ್ತು.

ಹಾಗಿರುವಾಗ ಸಹಾಯಕ ವಿದ್ಯಾಧಿಕಾರಿ ನರಸಿಂಹಪ್ಪನವರು ಅವರನ್ನು ಕಚೇರಿಗೆ ಕರೆಸಿ ಕುರ್ಚಿ ತೋರಿಸಿದ್ದರು. ಆರು ವರ್ಷದಲ್ಲಿ ಮೊದಲ ಸಲ.

“ನೋಡ್ರೀ ಮುನಿಯಲ್ಲಪ್ಪ, ಬೆಂಗಳೂರಿಂದ ಹಲ್ಲಿನ ಡಾಕ್ಟರಮ್ಮ ಒಬ್ರು ಬರ್ತಾರೆ. ಚಿಕ್ಕ ಮಕ್ಕಳ ಹಾಲುಹಲ್ಲು ಹುಳುಕಾಗಿರುತ್ತಲ್ಲ, ಅದಕ್ಕೆ ಏನೋ ಹೊಸಾ ಅಂಟು ಹಾಕಿ ಮುಚ್ತಾರಂತೆ. ನಿಮ್ಮ ಹೆಡ್‌ಮೇಷ್ಟ್ರು ರಜೆ. ನೀವು ನಿಂತು ನಡೆಸಿಕೊಡಿ. ಗಲಾಟೆ ಆಗಬಾರ್ದು. ನಿಮ್ಮ ಹುತ್ತೂರಿನ ಫೈಲು ನನ್ನ ಮೇಜಿನ ಮೇಲೇ ಇದೆ, ತಿಳೀತಾ?”

ಮೇಷ್ಟರಿಗೆ ತಿಳಿಯಿತು. ಅವರು ಒಂದು ವಾರ ಮನೆಮನೆ ಸುತ್ತಿ, ತಾಯಂದಿರಿಗೆ ಹೇಳಿ, ಒಪ್ಪಿಸಿ, ಐದರಿಂದ ಏಳು ವರ್ಷದ ಇಪ್ಪತ್ತು ಮಕ್ಕಳ ಪಟ್ಟಿ ಮಾಡಿದರು. ಹುಳುಕು ಹಲ್ಲು ಹುಡುಕುವುದು ಕಷ್ಟವಾಗಲಿಲ್ಲ. ಬೆಲ್ಲ ಮತ್ತು ಕಮ್ಮರಕಟ್ಟು ಮಿಠಾಯಿ ಊರಿನ ಅಷ್ಟೂ ದವಡೆಗಳಲ್ಲಿ ಮೊದಲೇ ಕೆಲಸ ಮಾಡಿ ಮುಗಿಸಿದ್ದವು.

ಬುಧವಾರ ಹತ್ತು ಗಂಟೆಗೆ ಬೆಂಗಳೂರಿನ ಹಲ್ಲಿನ ಕಾಲೇಜಿನ ವ್ಯಾನು ಬಂತು. ಇಳಿದವರು ಡಾಕ್ಟರ್ ಶ್ಯಾಮಲಾ. ಇಪ್ಪತ್ತೈದರ ಆಸುಪಾಸಿನ ವಯಸ್ಸು, ಬಿಳಿ ಕೋಟು, ಮೂಗಿನ ತುದಿಯಲ್ಲಿ ಕನ್ನಡಕ. ಅವರ ಜೊತೆ ಬರಬೇಕಾಗಿದ್ದ ಸಹಾಯಕನಿಗೆ ನರಸಾಪುರ ದಾಟುವಾಗಲೇ ವಾಂತಿ ಶುರುವಾಗಿ ಅವನನ್ನು ಕೋಲಾರದ ಆಸ್ಪತ್ರೆಯಲ್ಲಿ ಮಲಗಿಸಿ ಬಂದಿದ್ದರು. ಉಗುಳು ಹೀರುವ ಯಂತ್ರವೊಂದು ಬಂದಿತ್ತು. ಅದನ್ನು ಪ್ಲಗ್ಗಿಗೆ ಹಾಕಿದ ಕ್ಷಣಕ್ಕೆ ಸರಿಯಾಗಿ ಕರೆಂಟು ಹೋಯಿತು.

“ಯಾವಾಗ ಬರುತ್ತೆ?” ಡಾಕ್ಟರಮ್ಮ ಕೇಳಿದರು.

“ಮೊನ್ನೆ ಹೋಗಿದ್ದು ನಿನ್ನೆ ಬಂದಿತ್ತು ಮೇಡಂ,” ಎಂದರು ಮೇಷ್ಟರು.

ಡಾಕ್ಟರಮ್ಮ ನಿಟ್ಟುಸಿರು ಬಿಟ್ಟು ಮೇಷ್ಟರ ಕೈಗೆ ಒಂದು ಟಾರ್ಚು, ಒಂದು ಹತ್ತಿಯ ಪೊಟ್ಟಣ ಕೊಟ್ಟರು. “ಹಾಗಾದ್ರೆ ನೀವೇ ನನ್ನ ಅಸಿಸ್ಟೆಂಟು. ಕೇಳಿ. ಮೊದಲು ಹಲ್ಲಿಗೆ ಈ ಆಸಿಡ್ ಹಚ್ತೀನಿ. ಗೋಡೆಗೆ ಸುಣ್ಣ ಹೊಡೆಯೋಕ್ ಮುಂಚೆ ಕೆರೆದು ಒರಟು ಮಾಡ್ತಾರಲ್ಲ, ಹಾಗೆ ಇದು. ತೊಳೆದು, ಒಣಗಿಸಿ, ಆಮೇಲೆ ಈ ಎರಡು ಅಂಟು ಕಲಸಿ ಹಾಕ್ತೀನಿ. ಎರಡು ನಿಮಿಷದಲ್ಲಿ ಕಲ್ಲಾಗುತ್ತೆ. ಆ ಎರಡು ನಿಮಿಷ ಹಲ್ಲಿನ ಮೇಲೆ ಒಂದು ತೊಟ್ಟು ಉಗುಳು ಬೀಳಬಾರ್ದು. ಬಿತ್ತೋ, ಅಂಟೋದೇ ಇಲ್ಲ. ಅಂಟು ಎಷ್ಟು ಕಾಲ ನಿಲ್ಲುತ್ತೆ ಅಂತ ನೋಡೋದೇ ನನ್ನ ಪರೀಕ್ಷೆ. ಉಗುಳು ಬರಬಾರ್ದು ಮೇಷ್ಟ್ರೇ.”

“ಬರಲ್ಲ ಬಿಡಿ ಮೇಡಂ,” ಎಂದರು ಮೇಷ್ಟರು, ಅದೇನೋ ತಮ್ಮ ಆಜ್ಞೆಗೆ ಕಾಯುತ್ತಿರುವಂತೆ.

ಮೊದಲು ಕೂತವನು ಆಂಜಿನಪ್ಪ. ಹೆಸರಿಗೆ ತಕ್ಕ ಮೈಯಿಲ್ಲ, ಆರು ವರ್ಷದ ಗುಬ್ಬಿಮರಿ. ಬಾಯಿ ಮಾತ್ರ ದೊಡ್ಡದು. ಡಾಕ್ಟರಮ್ಮ ಹತ್ತಿ ಇಟ್ಟರು, ಆಸಿಡ್ ಹಚ್ಚಿದರು, ತೊಳೆದರು, ರಬ್ಬರಿನ ಬುರುಡೆ ಒತ್ತಿ ಉಫ್ ಉಫ್ ಎಂದು ಗಾಳಿ ಬಿಟ್ಟು ಒಣಗಿಸಿದರು. ಗಾಜಿನ ಚೂರಿನ ಮೇಲೆ ಎರಡು ಅಂಟನ್ನೂ ಕಲಸಿ, ಉಸಿರು ಬಿಗಿಹಿಡಿದು ಹಲ್ಲಿನ ತೂತಿಗೆ ಇಟ್ಟರು. ಮೇಷ್ಟರು ಟಾರ್ಚು ಹಿಡಿದು ಗಡಿಯಾರ ನೋಡುತ್ತ ನಿಂತರು. ಅರ್ಧ ನಿಮಿಷ. ಒಂದು ನಿಮಿಷ.

ಆಗ ಕಿಟಕಿಯಾಚೆಯಿಂದ ಒಂದು ಕೂಗು ತೇಲಿ ಬಂತು. “ಪುಲ್ಲ ಮಾಮಿಡಿಕಾಯ್! ಉಪ್ಪು ಕಾರ ಹಾಕಿದ ಮಾವಿನಕಾಯ್!”

ಆಂಜಿನಪ್ಪನ ಬಾಯಿ ನೋಡನೋಡುತ್ತಿದ್ದಂತೆಯೇ ತುಂಬಿತು. ನಾಲಿಗೆಯ ಕೆಳಗೆ ಎರಡು ಕಡೆಯಿಂದಲೂ ಒರತೆ ಒಡೆದು, ಹತ್ತಿ ತೇಲಿ, ಅಂಟು ಜಾರಿ ನಾಲಿಗೆಯ ಮೇಲೆ ಬಂದು ಕೂತಿತು. ಹುಡುಗ ಅದನ್ನು ಒಂದು ಸಲ ಚಪ್ಪರಿಸಿ ಮುಖ ಹುಳ್ಳಗೆ ಮಾಡಿದ.

“ಮೇಷ್ಟ್ರೇ!” ಎಂದರು ಡಾಕ್ಟರಮ್ಮ. “ಅಂಟು ನನ್ನ ಹತ್ರ ಇರೋದೇ ಅಳತೆಗೆ ತಕ್ಕಷ್ಟು! ಹೀಗಾದ್ರೆ ಹತ್ತು ಮಕ್ಕಳಿಗೂ ಸಾಲಲ್ಲ!”

ಮೇಷ್ಟರು ಟಾರ್ಚು ಹಿಡಿದೇ ಹೊರಗೆ ಓಡಿದರು. ಗೇಟಿನ ಪಕ್ಕ ಗೋಣಿ ಹಾಸಿಕೊಂಡು ದೊಡ್ಡಗಂಗಮ್ಮ ಕೂತಿದ್ದಳು. ಮುಂದೆ ಬುಟ್ಟಿ. ಬುಟ್ಟಿಯಲ್ಲಿ ಹೂವಿನ ಎಸಳಿನಂತೆ ಸೀಳಿಟ್ಟ ಎಳೆ ಮಾವಿನಕಾಯಿ, ಅದರ ನೆತ್ತಿಗೆ ಕೆಂಪು ಕಾರದ ಪುಡಿ. ನೋಡುತ್ತಿದ್ದಂತೆ ಮೇಷ್ಟರ ಬಾಯಲ್ಲೇ ನೀರೂರಿ, ಅವರು ಅದನ್ನು ನುಂಗಿಕೊಂಡು ಮಾತು ತೆಗೆದರು.

“ಗಂಗಮ್ಮಾ, ಇವತ್ತೊಂದಿನ ಇಲ್ಲಿ ಬೇಡ. ಆ ಬಾವಿ ಹತ್ರ ಹೋಗಿ ಕೂತ್ಕೊ.”

“ಯಾಕ್ ಮೇಷ್ಟ್ರೇ? ಇಪ್ಪತ್ತು ವರ್ಷದಿಂದ ಇಲ್ಲೇ ಕೂತಿವ್ನಿ. ನೀವು ನಿನ್ನೆ ಮೊನ್ನೆ ಬಂದೋರು.”

“ಮಕ್ಕಳ ಬಾಯಲ್ಲಿ ನೀರು ಬರುತ್ತೆ ಕಣಮ್ಮ.”

“ಬರ್ಲಿ ಅಂತ್ಲೇ ಕೂತಿರೋದು! ಬರದಿದ್ರೆ ನನ್ನ ಕಾಯಿ ಯಾರು ತಿಂತಾರೆ?”

ಮೇಷ್ಟರು ಕೈಮುಗಿದರು, ಗದರಿದರು, ಕೊನೆಗೆ ಬುಟ್ಟಿಯನ್ನು ತಾವೇ ತಲೆಯ ಮೇಲೆ ಹೊತ್ತು ಬಾವಿಯ ಹತ್ತಿರ ಇಟ್ಟು ಬಂದರು. ಬುಟ್ಟಿಯ ಹಿಂದೆ ಗಂಗಮ್ಮನೂ, ಗಂಗಮ್ಮನ ಬಾಯಿಂದ ಸುದ್ದಿಯೂ ಹೊರಟವು. ಬಾವಿಗೆ ನೀರಿಗೆ ಬಂದವರಿಗೆಲ್ಲ ಅವಳು ಹೇಳಿದಳು: “ಅದೇನೋ ಗೋಂದು ತಂದವ್ರೆ ಕಣ್ರೇ. ಮಕ್ಕಳ ಬಾಯಿಗೆ ಹಾಕ್ತಾರೆ. ಇನ್ಮೇಲೆ ಮಕ್ಕಳು ಮಾವಿನಕಾಯಿ ತಿನ್ನಂಗಿಲ್ವಂತೆ.”

ಮೇಷ್ಟರು ಒಳಗೆ ಬಂದರೆ ಡಾಕ್ಟರಮ್ಮ ಮೂಗು ಅರಳಿಸುತ್ತಿದ್ದರು. “ಇನ್ನೂ ವಾಸನೆ ಬರ್ತಾ ಇದೆಯಲ್ಲ?”

ಮೇಷ್ಟರಿಗೆ ಸಂಶಯ ಬಂತು. ಸಾಲಿನಲ್ಲಿ ನಿಂತಿದ್ದ ಮಕ್ಕಳ ಜೇಬು, ಲಂಗದ ನೆರಿಗೆ ಎಲ್ಲ ಶೋಧಿಸಿದರು. ಒಂದೊಂದರಿಂದಲೂ ಒಂದೊಂದು ಕಾಯಿ ಹೊರಗೆ ಬಂತು. ಒಬ್ಬನ ಚಡ್ಡಿಯ ಜೇಬಿನಲ್ಲಿ ಉಪ್ಪು ಕಾರದ ಪೊಟ್ಟಣವೂ ಸಿಕ್ಕಿತು. ಎಲ್ಲವನ್ನೂ ಮೇಜಿನ ಮೇಲೆ ಗುಡ್ಡೆ ಹಾಕಿದ್ದೇ ತಪ್ಪಾಯಿತು. ಇಪ್ಪತ್ತು ಮಕ್ಕಳೂ ಆ ಗುಡ್ಡೆಯನ್ನು ನೋಡಿ ಒಂದೇ ಸಲಕ್ಕೆ ಗುಟುಕ್ಕೆಂದು ನುಂಗಿದ ಸದ್ದು ಕೋಣೆ ತುಂಬ ಕೇಳಿಸಿತು. ಮೇಷ್ಟರು ಅವನ್ನು ಬೀರುವಿಗೆ ತುಂಬಿ ಬೀಗ ಹಾಕಿದರು.

ಎರಡನೆಯ ಹುಡುಗ ಕೂತ. ಹಲ್ಲು ಒಣಗಿತು. ಅಂಟು ಹಾಕುವಷ್ಟರಲ್ಲಿ ಮತ್ತೆ ಬಾಯಿ ತುಂಬಿ ಬಂತು. ಈಗ ಕೂಗಿಲ್ಲ, ಕಾಯಿಯಿಲ್ಲ, ವಾಸನೆಯೂ ಇಲ್ಲ. ಮೇಷ್ಟರು ಹುಡುಗನ ಕಣ್ಣು ಹೋದ ಕಡೆ ನೋಡಿದರು. ಗೋಡೆಯ ಮೇಲೆ ಅಕ್ಷರಮಾಲೆಯ ಪಟ. ಅದರಲ್ಲಿ ‘ಮ’ಗೆ ಮಾವು, ‘ಹ’ಗೆ ಹುಣಸೆ. ಅವರೇ ಎರಡು ಭಾನುವಾರ ಕೂತು, ಕಾಯಿಗೆ ಹಸಿರು, ಹಣ್ಣಿಗೆ ಹಳದಿ ಬಣ್ಣ ತುಂಬಿ ಬರೆದ ಪಟ. ಹಲ್ಲು ಕಡಿಯುತ್ತ ಅದನ್ನು ತಿರುಗಿಸಿ ಹಾಕಿದರು.

ಆಗಲೇ ಊರಿನ ಪೆದ್ದಪ್ಪ ಒಳಗೆ ಬಂದದ್ದು. ಎಪ್ಪತ್ತು ವರ್ಷದ ಮುದುಕ. ಊರಿನಲ್ಲಿ ಏನು ನಡೆದರೂ ಅಲ್ಲಿಗೆ ಹೋಗಿ ಒಂದು ಮಾತು ಹೇಳಿ ಬರುವುದು ತನ್ನ ಕರ್ತವ್ಯ ಎಂದು ತಿಳಿದವನು. ಕೈಯಲ್ಲಿ ಕಡ್ಡಿ ಮುರಿದ ಕನ್ನಡಕ.

“ಅಮ್ಮಯ್ಯಾ, ನಿನ್ನ ಗೋಂದು ಬಲೇ ಗಟ್ಟಿಯಂತೆ. ಇದಕ್ಕೊಂಚೂರು ಹಾಕ್ತೀಯಾ?”

“ತಾತಾ, ಇದು ಹಲ್ಲಿಗೆ ಮಾತ್ರ.”

“ಅದೂ ಹಾಲುಹಲ್ಲಿಗೆ! ಇವತ್ತಲ್ಲ ನಾಳೆ ಬಿದ್ದೋಗೋ ಹಲ್ಲಿಗೆ ಯಾಕಮ್ಮ ಇಷ್ಟೆಲ್ಲ?”

“ಬೀಳೋ ತನಕ ಊಟ ಮಾಡಬೇಕಲ್ಲ ತಾತಾ. ಈಗಲೇ ಕಿತ್ತರೆ ಮುಂದೆ ಬರೋ ಹಲ್ಲು ಜಾಗ ಸಿಗದೆ ಸೊಟ್ಟಗೆ ಹುಟ್ಟುತ್ತೆ.”

“ಸರಿ ಸರಿ. ಮತ್ತೆ, ಈ ಮಾವಿನಕಾಯಿ ಸಮಾಚಾರ ಏನು? ಮಾವಿನಕಾಯಿ ನೆನೆಸ್ಕೊಂಡ್ರೂ ಸಾಕು, ಅಂಟು ಬಿಟ್ಟೋಗುತ್ತಂತಲ್ಲ? ಉಪ್ಪಿನ ಮಾವಿನಕಾಯಾ, ಬರೀ ಮಾವಿನಕಾಯಾ?”

ಕುರ್ಚಿಯಲ್ಲಿದ್ದ ಹುಡುಗನ ಬಾಯಂಚಿನಿಂದ ಒಂದು ಎಳೆ ಗದ್ದಕ್ಕೆ ಇಳಿಯಿತು. ಮೇಷ್ಟರು ಪೆದ್ದಪ್ಪನ ರಟ್ಟೆ ಹಿಡಿದು ಹೊಸ್ತಿಲು ದಾಟಿಸಿದರು. ಹೊಸ್ತಿಲಾಚೆ ಮತ್ತೆ ಮೂವರು ನಿಂತಿದ್ದರು. ಒಬ್ಬನ ಕೈಯಲ್ಲಿ ಕಿತ್ತುಹೋದ ಚಪ್ಪಲಿ, ಇನ್ನೊಬ್ಬನ ಕೈಯಲ್ಲಿ ಟ್ರಾನ್ಸಿಸ್ಟರಿನ ತಿರುಗುಣಿ, ಮೂರನೆಯವಳ ಕೈಯಲ್ಲಿ ಹಿಡಿ ಬಿಟ್ಟ ಸೌಟು.

“ಹೋಗ್ರೀ ಎಲ್ಲಾ!” ಎಂದು ಕೂಗಿ ಬಾಗಿಲು ಹಾಕಿದರು. ಬೆವರು ಒರೆಸಿಕೊಂಡು ತಿರುಗಿದರೆ ಕುರ್ಚಿಯಲ್ಲಿ ಮತ್ತೆ ಆಂಜಿನಪ್ಪ ಬಂದು ಕೂತಿದ್ದ. ತೆರೆದ ಬಾಯಿ. ಬಾಯಿ ತುಂಬ ನೀರು. ಬಾಯಲ್ಲಿ ನೀರು ತುಂಬಿಕೊಂಡೇ ನಗು ಬೇರೆ.

ಬೆಳಗಿನಿಂದ ಅದುಮಿಟ್ಟ ಸಿಟ್ಟೆಲ್ಲ ಒಟ್ಟಿಗೆ ನೆತ್ತಿಗೇರಿತು. ಬೈಯಲು ಹೊರಟವರಿಗೆ ಡಾಕ್ಟರಮ್ಮನ ಮುಂದೆ ಬೈಗುಳ ಬಾಯಿಗೆ ಬರಲಿಲ್ಲ. ಅದರ ಬದಲು ಇಪ್ಪತ್ತು ವರ್ಷದ ಮೇಷ್ಟರಗಿರಿಯ ರೂಢಿಯೇ ಬಾಯಿಂದ ಗುಡುಗಿತು.

“ಲೇ! ಹದಿನೇಳೆಂಟ್ಲ ಎಷ್ಟೋ?”

ಎರಡರ ಮಗ್ಗಿಯನ್ನೇ ಎಡವುತ್ತ ಹೇಳುವ ಆಂಜಿನಪ್ಪನ ನಗು ಮಾಯವಾಯಿತು. ಕಣ್ಣು ಅಗಲವಾದವು. ಕಿವಿ ಕೆಂಪಾದವು.

“ಮೇಷ್ಟ್ರೇ,” ಎಂದರು ಡಾಕ್ಟರಮ್ಮ ಪಿಸುದನಿಯಲ್ಲಿ. “ಇನ್ನೊಂದ್ಸಲ ಕೇಳಿ.”

“ಏನು ಮೇಡಂ?”

“ಅದೇ ಮಗ್ಗಿ! ಬೇಗ ಕೇಳಿ! ಬಾಯಿ ಒಣಗ್ತಾ ಇದೆ!”

ಮೇಷ್ಟರು ಬಗ್ಗಿ ನೋಡಿದರು. ನಿಜ. ಆಂಜಿನಪ್ಪನ ಬಾಯಿ ಬೇಸಿಗೆಯ ಪಾಲಾರ್ ಹೊಳೆಯ ಹಾಗೆ ಮರಳು ಮರಳಾಗಿ ಒಣಗಿತ್ತು. ಅವರು ಉತ್ಸಾಹದಿಂದ ಹದಿನೇಳೊಂಬತ್ಲಕ್ಕೆ ಹೋದರು. ಡಾಕ್ಟರಮ್ಮನ ಕೈ ಚಕಚಕ ಓಡಿತು. ಆಸಿಡ್, ನೀರು, ಗಾಳಿ, ಅಂಟು. ಮೇಷ್ಟರು ಹತ್ತೊಂಬತ್ತರ ಮಗ್ಗಿಗೆ ಏರಿದರು. ಎರಡು ನಿಮಿಷವಾಗುವಷ್ಟರಲ್ಲಿ ಹಲ್ಲಿನ ಮೇಲಿನ ಅಂಟು ಕಲ್ಲಾಗಿತ್ತು. ಡಾಕ್ಟರಮ್ಮ ಕೊಕ್ಕೆಯಂಥ ಸಲಕರಣೆಯಿಂದ ಕೆದಕಿ ನೋಡಿದರು, ಅಲ್ಲಾಡಲಿಲ್ಲ.

“ಇದು ನಮ್ಮ ಪ್ರೊಫೆಸರ್‌ಗೂ ಗೊತ್ತಿಲ್ಲ!” ಎಂದು ಅವರು ಎದ್ದು ನಿಂತೇಬಿಟ್ಟರು.

ಆಮೇಲೆ ಕೆಲಸ ಎಣ್ಣೆ ಹಾಕಿದ ಗಾಲಿಯ ಹಾಗೆ ಉರುಳಿತು. ಒಂದೊಂದು ಮಗು ಬಂದು ಕೂರುವುದು, ಮೇಷ್ಟರು ಕಣ್ಣು ಕೆಂಪಗೆ ಮಾಡಿ ಮಗ್ಗಿ ಕೇಳುವುದು, ಬಾಯಿ ಬತ್ತುವುದು, ಅಂಟು ಹಿಡಿಯುವುದು. ಕೆಲವರಿಗೆ ಹದಿನಾರರ ಮಗ್ಗಿ ಸಾಕಾಯಿತು. ಒಬ್ಬಳಿಗೆ ಬರೀ “ನಾಳೆ ಇನ್ಸ್‌ಪೆಕ್ಟರ್ ಬರ್ತಾರೆ” ಅಂದರೆ ಸಾಕಾಯಿತು. ಒಂದೊಂದು ಹಲ್ಲು ಕಲ್ಲಾದಾಗಲೂ ಮೇಷ್ಟರಿಗೆ ಹುತ್ತೂರು ಒಂದು ಮೈಲಿ ಹತ್ತಿರ ಬಂದಂತೆ ಕಾಣುತ್ತಿತ್ತು. ಕೆಲಸ ಮುಗಿದ ಪ್ರತಿ ಮಗುವಿಗೂ ಡಾಕ್ಟರಮ್ಮ ಒಂದೇ ಮಾತು ಹೇಳಿ ಕಳಿಸುತ್ತಿದ್ದರು: “ಒಂದು ಗಂಟೆ ಏನೂ ತಿನ್ನಬಾರ್ದು. ಬಾಯಿ ಮುಚ್ಕೊಂಡಿರು ಪುಟ್ಟಾ.”

ಇದನ್ನು ಅಕ್ಷರಶಃ ಪಾಲಿಸಿದವಳು ಮುತ್ಯಾಲು. ಭಾರತಮ್ಮನ ಮಗಳು, ಐದೂವರೆ ವರ್ಷ. ಇಡೀ ಶಾಲೆಯಲ್ಲಿ ದೊಡ್ಡವರ ಮಾತನ್ನು ಕೇಳುವ ಒಂದೇ ಒಂದು ಮಗು. ಅವಳು ತುಟಿ ಬಿಗಿದು ಮನೆಗೆ ನಡೆದಳು.

“ಬಂದ್ಯಾ ಕಣೇ? ನೋವಾಯ್ತಾ?” ಭಾರತಮ್ಮ ಕೇಳಿದಳು.

ಮುತ್ಯಾಲು ಮಾತಾಡಲಿಲ್ಲ.

“ಏನೇ ಅದು? ಬಾಯಿ ತೆಗಿ!”

ಮುತ್ಯಾಲು ತಲೆಯಾಡಿಸಿದಳು. ತುಟಿಯನ್ನು ಮತ್ತಷ್ಟು ಬಿಗಿದಳು. ಒಂದು ಗಂಟೆ ಅಂದರೆ ಒಂದು ಗಂಟೆ.

“ಅಯ್ಯೋ ದೇವುಡಾ! ಬಾಯೇ ಅಂಟ್ಕೊಂಡುಬಿಟ್ಟಿದೆ!”

ಆ ಕಿರುಚಾಟಕ್ಕೆ ಬಾವಿಕಟ್ಟೆ ಪೂರ್ತಿ ಎದ್ದು ಬಂತು. ಮಗುವನ್ನು ಎತ್ತಿಕೊಂಡ ಭಾರತಮ್ಮ ಮುಂದೆ, ಹದಿನೈದು ಹೆಂಗಸರು ಹಿಂದೆ, ಅವರ ಹಿಂದೆ ಬುಟ್ಟಿ ಹೊತ್ತ ದೊಡ್ಡಗಂಗಮ್ಮ. ಇಷ್ಟು ಜನ ಒಟ್ಟಿಗಿರುವಾಗ ಕಾಯಿ ಬಿಟ್ಟು ಬರುವುದು ಹೇಗೆ? ಎಲ್ಲರೂ ಶಾಲೆಯ ಕಿಟಕಿಯನ್ನು ಮುತ್ತಿದರು. ಒಳಗೆ ಕಂಡದ್ದೇನು? ಕೊನೆಯ ಹುಡುಗ ಕುರ್ಚಿಯಲ್ಲಿ ಕೂತಿದ್ದಾನೆ. ಬಾಯಿ ತುಂಬ ಹತ್ತಿ, ಕಣ್ಣು ತುಂಬ ನೀರು. ಎದುರಿಗೆ ಮೇಷ್ಟರು ಹುಲಿಯ ಹಾಗೆ ನಿಂತು ಗರ್ಜಿಸುತ್ತಿದ್ದಾರೆ: “ಹತ್ತೊಂಬತ್ತೇಳ್ಲ ಎಷ್ಟೋ? ಹೇಳ್ತೀಯೋ ಇಲ್ವೋ?”

“ನೋಡ್ರೇ!” ಎಂದಳು ಭಾರತಮ್ಮ. “ಮೊದಲು ಗೋಂದು ಹಾಕಿ ಬಾಯಿ ಮುಚ್ತಾನೆ, ಆಮೇಲೆ ಮಗ್ಗಿ ಕೇಳ್ತಾನೆ! ಮಗು ಎಲ್ಲಿಂದ ಹೇಳುತ್ತೆ?”

ಬಾಗಿಲು ದಡದಡ ಬಡಿದರು. ಕೊನೆಯ ಹಲ್ಲಿನ ಎರಡು ನಿಮಿಷ ಮುಗಿಯುವವರೆಗೂ ಮೇಷ್ಟರು ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಅಲ್ಲಿಂದಲೇ ಮಗ್ಗಿ ಮುಗಿಸಿ, ಆಮೇಲೆ ಅಗುಳಿ ತೆಗೆದರು. ಹೆಂಗಸರು ನೆರೆಯ ನೀರಿನಂತೆ ಒಳಗೆ ನುಗ್ಗಿದರು. ಎಲ್ಲರೂ ಒಟ್ಟಿಗೆ ಮಾತಾಡಿದರು, ಅರ್ಧ ಕನ್ನಡದಲ್ಲಿ, ಅರ್ಧ ತೆಲುಗಿನಲ್ಲಿ. ಡಾಕ್ಟರಮ್ಮ ಏನೋ ಹೇಳಲು ಹೋದರೆ ಅದು ಯಾರಿಗೂ ಕೇಳಿಸಲಿಲ್ಲ.

ಸರಿಯಾಗಿ ಆಗಲೇ ಹೊರಗೆ ಜೀಪು ನಿಂತ ಸದ್ದಾಯಿತು. ನರಸಿಂಹಪ್ಪನವರು! ಕಂಕುಳಲ್ಲಿ ಚರ್ಮದ ಚೀಲ ಇಟ್ಟುಕೊಂಡು ಹೊಸ್ತಿಲಲ್ಲಿ ನಿಂತರು. ಗಲಾಟೆ ಆಗಬಾರದು ಅಂದಿದ್ದರು. ಇದು ಗಲಾಟೆಯಲ್ಲದಿದ್ದರೆ ಇನ್ಯಾವುದು?

“ಏನ್ರಮ್ಮಾ ಇದು? ಏನಾಗಬೇಕು ನಿಮಗೆ?” ಎಂದರು ಸಾಹೇಬರು.

“ಈ ಮೇಷ್ಟ್ರು ನಮಗೆ ಬೇಡ ಸ್ವಾಮಿ!” ಭಾರತಮ್ಮ ಕೈ ಬೀಸಿದಳು. “ಎತ್ತಂಗಡಿ ಮಾಡಿ! ಇವತ್ತೇ ಮಾಡಿ!”

“ಹೌದು! ಎತ್ತಂಗಡಿ ಮಾಡಿ!” ಎಂದಿತು ಗುಂಪು. ಇದರಲ್ಲಿ ದೊಡ್ಡಗಂಗಮ್ಮನ ದನಿಯೇ ಮೇಲು.

“ಅಷ್ಟೇ ತಾನೇ?” ಎಂದು ನರಸಿಂಹಪ್ಪನವರು ತಣ್ಣಗೆ ಚೀಲದ ಗುಂಡಿ ಬಿಚ್ಚಿ ಒಳಗೆ ಕೈ ಹಾಕಿದರು.

ಬೇರೆ ಯಾರಾದರೂ ಆಗಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದರು. ಆದರೆ ಮುನಿಯಲ್ಲಪ್ಪ ಮೇಷ್ಟರಿಗೆ ಎದೆಯಲ್ಲಿ ಏನೋ ಚುಚ್ಚಿತು. ಆರು ವರ್ಷ ಮೂರು ಬಸ್ಸು ಹತ್ತಿ ಬಂದು ಪಾಠ ಹೇಳಿದ್ದಕ್ಕೆ ಇದಾ ಬಹುಮಾನ? ತಾವಾಗಿ ಕೇಳಿ ಹೋಗುವುದು ಬೇರೆ, ಇವರು ಓಡಿಸಿ ಹೋಗುವುದು ಬೇರೆ. ಮಸಿ ಬಳಿಸಿಕೊಂಡು ಹೋದರೆ ಹುತ್ತೂರು ತಾನೇ ಎಲ್ಲಿ ಸಿಕ್ಕುತ್ತದೆ? ಆಂಧ್ರದ ಗಡಿಯ ಯಾವುದೋ ಬಂಡೆಯ ಮೇಲೆ ಕೂರಿಸುತ್ತಾರೆ.

“ಒಂದ್ ನಿಮಿಷ ಸಾರ್!” ಎಂದು ಮುಂದೆ ನುಗ್ಗಿದರು. “ಚೀಲ ಮುಚ್ಚಿ. ಮೊದಲು ನನ್ನ ಮಾತು ಕೇಳಿ!”

ಸಾಹೇಬರು ಚೀಲದಲ್ಲಿ ಕೈ ಹಾಗೇ ಇಟ್ಟುಕೊಂಡು ನಿಂತರು.

ಆ ದಿನ ಮೇಷ್ಟರು ಮಾತಾಡಿದ ಹಾಗೆ ಮತ್ತೆಂದೂ ಮಾತಾಡಲಿಲ್ಲ. ಹಾಲುಹಲ್ಲು ಅಂದರೇನು, ಅದರ ತೂತು ಎಷ್ಟು ಕೆಟ್ಟದ್ದು, ರಾತ್ರಿಯೆಲ್ಲ ಹಲ್ಲುನೋವೆಂದು ಅತ್ತ ಮಕ್ಕಳೆಷ್ಟು, ಆ ಮಕ್ಕಳಿಗಾಗಿ ತಾವು ಬುಟ್ಟಿ ಹೊತ್ತದ್ದೇನು, ಪಟ ತಿರುಗಿಸಿದ್ದೇನು, ಮಗ್ಗಿ ಕೇಳಿದ್ದು ಯಾಕೆ, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದರು. ಕೊನೆಗೆ ಮುತ್ಯಾಲುವಿನ ಮುಂದೆ ಕೂತು, ದನಿ ಇಳಿಸಿ, “ಒಂದು ಗಂಟೆ ಆಯ್ತು ಪುಟ್ಟಾ. ಈಗ ತೆಗಿ,” ಎಂದರು.

ಮುತ್ಯಾಲು ಬಾಯಿ ತೆರೆದಳು. ಒಳಗೆ ಹಿಂದಿನ ಹಲ್ಲು ಹೊಸ ಮುತ್ತಿನ ಹಾಗೆ ಬೆಳ್ಳಗೆ ಹೊಳೆಯಿತು.

“ಎಲ್ಲಿ, ಎಲ್ಲಿ?” ಎಂದು ಪೆದ್ದಪ್ಪ ಗುಂಪಿನಲ್ಲಿ ತೂರಿಕೊಂಡು ಬಂದ. ಕನ್ನಡಕ ಮುರಿದಿತ್ತಲ್ಲ, ಕಣ್ಣಿಗೆ ಕಾಣದ್ದನ್ನು ಬೆರಳಿನಿಂದ ನೋಡಲು ಹೋದ. ಮುತ್ಯಾಲು ಕಟಕ್ಕನೆ ಬಾಯಿ ಮುಚ್ಚಿದಳು.

“ಅಮ್ಮೋ! ಬಿಡೇ! ಬಿಡೇ!” ಎಂದು ಪೆದ್ದಪ್ಪ ಒಂಟಿ ಕಾಲಲ್ಲಿ ಕುಣಿದ. ಬೆರಳು ಬಿಡಿಸಿಕೊಂಡು ಎತ್ತಿ ತೋರಿಸಿದ. ಹಲ್ಲಿನ ಗುರುತು ಅಚ್ಚು ಹೊಡೆದಂತೆ ಮೂಡಿತ್ತು. “ಗಟ್ಟಿ! ಬಲೇ ಗಟ್ಟಿ!” ಎಂದು ಅವನೇ ತೀರ್ಪು ಕೊಟ್ಟ.

“ತಾತನ ಬೆರಳು ಉಪ್ಪುಪ್ಪು,” ಎಂದಳು ಮುತ್ಯಾಲು, ಒಂದು ಗಂಟೆಯ ಮೇಲೆ ಮೊದಲ ಮಾತಾಗಿ.

ಅಷ್ಟೇ ಸಾಕಾಯಿತು. ಭಾರತಮ್ಮ ಮಗಳನ್ನು ಅಪ್ಪಿಕೊಂಡು ಅತ್ತಳು, ನಕ್ಕಳು, ಮೇಷ್ಟರ ಕಡೆ ತಿರುಗಿ ಕೈಮುಗಿದಳು. “ತಪ್ಪಾಯ್ತು ಮೇಷ್ಟ್ರೇ. ಮೂರು ತಿಂಗಳಿಂದ ಇವಳು ಒಂದೇ ಕಡೆ ಅಗಿದು ಉಣ್ತಿದ್ಲು.” ಉಳಿದ ತಾಯಂದಿರು ತಮ್ಮ ತಮ್ಮ ಮಕ್ಕಳ ಬಾಯಿಗೆ ಇಣುಕಿ ನೋಡಿದರು. ದೊಡ್ಡಗಂಗಮ್ಮ ಕೂಡ, “ಇಂಥಾ ಮೇಷ್ಟ್ರು ಎಲ್ಲಿ ಸಿಕ್ತಾರೆ?” ಅಂದಳು. “ನನ್ನ ಬುಟ್ಟಿ ತಲೆ ಮೇಲೆ ಹೊತ್ತ ಪುಣ್ಯಾತ್ಮ!”

ಮೇಷ್ಟರ ಕಣ್ಣು ಒದ್ದೆಯಾದವು. ಸಾಹೇಬರ ಮುಖದಲ್ಲೂ ಮೆಚ್ಚುಗೆ ಕಂಡಿತು. ಇದೇ ಸಮಯ ಎಂದುಕೊಂಡು ಮೇಷ್ಟರು ಅವರ ಹತ್ತಿರ ಹೋಗಿ ಮೆಲ್ಲಗೆ ಅಂದರು: “ಸಾರ್, ನನ್ನ ಹುತ್ತೂರಿನ ಫೈಲು...”

“ಅದಾ?” ನರಸಿಂಹಪ್ಪನವರು ಚೀಲದಲ್ಲಿದ್ದ ಕೈಯನ್ನು ಈಗ ಹೊರಗೆ ತೆಗೆದರು. ಕೈಯಲ್ಲಿ ಸೀಲು ಬಿದ್ದ ಒಂದು ಕಾಗದ. “ಇವತ್ತೇ ಸಹಿ ಆಯ್ತು. ನಿಮಗೆ ಕೈಯಾರೆ ಕೊಡೋಣ ಅಂತ್ಲೇ ಬಂದೆ ಕಣ್ರೀ. ಆ ಹೆಂಗಸರು ಎತ್ತಂಗಡಿ ಅಂತ ಕೂಗ್ತಿದ್ರಲ್ಲ, ಆಗಲೇ ತೆಗೆದು ಕೊಟ್ಟುಬಿಡ್ತಿದ್ದೆ. ನೀವೇ ಚೀಲ ಮುಚ್ಚಿ ಅಂದ್ರಿ.”

ಮೇಷ್ಟರು ಎರಡೂ ಕೈ ಚಾಚಿದರು. ಕಾಗದದ ಅಂಚು ಅವರ ಬೆರಳಿಗೆ ತಾಕಿತ್ತು. ಅಷ್ಟರಲ್ಲಿ ಡಾಕ್ಟರಮ್ಮ ಹತ್ತಿರ ಬಂದರು.

“ಏನದು? ಟ್ರಾನ್ಸ್‌ಫರಾ? ಇವರಿಗಾ? ಅಯ್ಯೋ, ಬೇಡ ಸಾರ್!”

“ಯಾಕಮ್ಮ?”

“ಪರೀಕ್ಷೆ ಈಗ ಶುರುವಾಗಿದೆ ಅಷ್ಟೆ. ಮೂರು ತಿಂಗಳಿಗೊಂದ್ಸಲ ಬಂದು ಈ ಹಲ್ಲುಗಳನ್ನ ನೋಡಬೇಕು, ಬಿಟ್ಟುಹೋದ ಕಡೆ ಮತ್ತೆ ಅಂಟು ಹಾಕಬೇಕು. ಈ ಮಕ್ಕಳ ಬಾಯಿ ಒಣಗಿಸೋದು ಇವರೊಬ್ಬರಿಗೇ ಗೊತ್ತು. ಇವರಿಲ್ದಿದ್ರೆ ನನ್ನ ಕೆಲಸವೆಲ್ಲ ಹಾಳು. ನಮ್ಮ ಪ್ರೊಫೆಸರಿಂದ ನಿಮ್ಮ ಡೈರೆಕ್ಟರಿಗೆ ಪತ್ರ ಬರೆಸ್ತೀನಿ.”

“ಡೈರೆಕ್ಟರಿಗಾ?” ಎಂದರು ನರಸಿಂಹಪ್ಪನವರು. ಕಾಗದ ಮೇಷ್ಟರ ಬೆರಳಿನಿಂದ ಒಂದಂಗುಲ ಹಿಂದೆ ಸರಿಯಿತು.

“ನಾವೂ ಬಿಡಲ್ಲ!” ಎಂದಳು ಭಾರತಮ್ಮ. “ಈ ಮೇಷ್ಟ್ರನ್ನ ಕಳಿಸಿದ್ರೆ ಜೀಪಿಗೆ ಅಡ್ಡ ಮಲಗ್ತೀವಿ ಸ್ವಾಮಿ!” ಒಂದು ಗಳಿಗೆ ಹಿಂದೆ ಎತ್ತಂಗಡಿ ಮಾಡಿ ಎಂದಿದ್ದ ಗುಂಪು ಈಗ ಅಷ್ಟೇ ಗಟ್ಟಿಯಾಗಿ ಬೇಡ ಬೇಡ ಎಂದಿತು.

ಮೇಷ್ಟರು ಬಾಯಿ ತೆರೆದರು. ಈ ಸಲ ಮಾತೇ ಬರಲಿಲ್ಲ. ಇದ್ದ ಮಾತನ್ನೆಲ್ಲ ಆಗಲೇ ಆಡಿ ಮುಗಿಸಿದ್ದರು.

ನರಸಿಂಹಪ್ಪನವರು ಕಾಗದವನ್ನು ನಾಲ್ಕಾಗಿ ಮಡಿಸಿ ಚೀಲಕ್ಕೆ ಹಾಕಿ ಗುಂಡಿ ಹಾಕಿಕೊಂಡರು. “ಭಾಗ್ಯವಂತರು ಕಣ್ರೀ ನೀವು. ನನ್ನ ಸರ್ವೀಸಿನಲ್ಲಿ ಜನ ಇಷ್ಟೊಂದು ಪ್ರೀತಿಯಿಂದ ಹಿಡ್ಕೊಂಡ ಮೇಷ್ಟ್ರನ್ನ ನೋಡೇ ಇಲ್ಲ. ಡಾಕ್ಟರಮ್ಮನ ಪರೀಕ್ಷೆ ಮುಗಿಯೋ ತನಕ ಇಲ್ಲೇ ಇರಿ.”

“ಎಲ್ಲಿ ತನಕ ಮೇಡಂ?” ಮೇಷ್ಟರು ಕ್ಷೀಣವಾಗಿ ಕೇಳಿದರು. “ಹಾಲುಹಲ್ಲು ಅಲ್ವಾ? ಬೇಗ ಬಿದ್ದೋಗುತ್ತೆ, ಅಲ್ವಾ?”

“ಮುಂದಿನ ಹಲ್ಲು ಬೇಗ ಬೀಳುತ್ತೆ ಮೇಷ್ಟ್ರೇ,” ಎಂದರು ಡಾಕ್ಟರಮ್ಮ ಸಾಮಾನು ಜೋಡಿಸುತ್ತ. “ನಾವು ಅಂಟು ಹಾಕಿರೋದು ಹಿಂದಿನ ದವಡೆ ಹಲ್ಲಿಗೆ. ಅದು ಹನ್ನೊಂದು ಹನ್ನೆರಡು ವರ್ಷಕ್ಕೆ ಬೀಳೋದು. ಇವರೆಲ್ಲ ಈಗ ಐದಾರು ವರ್ಷದೋರು. ಹೆಚ್ಚಂದ್ರೆ ಇನ್ನೊಂದು ಆರು ವರ್ಷ.”

ಜೀಪು ಹೋಯಿತು. ವ್ಯಾನೂ ಹೋಯಿತು. ಕರೆಂಟು ಬಂತು. ಹೆಂಗಸರು ಸಂತೋಷದಿಂದ ಮಾತಾಡುತ್ತ ಚದುರಿದರು. ಮುನಿಯಲ್ಲಪ್ಪ ಮೇಷ್ಟರು ಕೊಡೆಯನ್ನೂ ಊಟದ ಡಬ್ಬಿಯನ್ನೂ ಎತ್ತಿಕೊಂಡು ಎರಡು ಮೈಲಿಯ ದಾರಿ ಹಿಡಿದರು. ಊರ ಅಂಚಿನಲ್ಲಿ ಮುತ್ಯಾಲು ಒಬ್ಬಳೇ ಕುಂಟಾಬಿಲ್ಲೆ ಆಡುತ್ತಿದ್ದಳು. ಮೇಷ್ಟರು ನಿಂತರು. ಹಿಂದೆ ಮುಂದೆ ನೋಡಿದರು. ಯಾರೂ ಇರಲಿಲ್ಲ.

“ಪುಟ್ಟಾ,” ಎಂದರು ಬಗ್ಗಿ, ತುಂಬ ಆಸೆಯಿಂದ. “ಆ ಹಲ್ಲು ಒಂಚೂರಾದ್ರೂ ಅಲ್ಲಾಡ್ತಾ ಇದ್ಯಾ?”

ಮುತ್ಯಾಲು ಬಾಯಿಗೆ ಬೆರಳು ಹಾಕಿ, ಹಲ್ಲನ್ನು ಹಿಡಿದು, ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಬಲವಾಗಿ ಅಲ್ಲಾಡಿಸಲು ನೋಡಿದಳು. ಆಮೇಲೆ ಮೇಷ್ಟರನ್ನು ಖುಷಿಪಡಿಸುವ ಹೆಮ್ಮೆಯಿಂದ ಮುಖ ಅರಳಿಸಿ ಹೇಳಿದಳು:

“ಇಲ್ಲ ಸಾರ್. ಕಲ್ಲಿದ್ದಂಗಿದೆ.”